ಬಾಗಿಲ ಹಿಂದಿನ ಬೆಕ್ಕು

ಫೆಬ್ರವರಿ ೧೭, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ತಂಗಿಯ ನಮಸ್ಕಾರ. ನಿನ್ನ ಎರಡು ಪತ್ರಗಳೂ ಬಂದಿವೆ, ಉತ್ತರ ಬರೆಯಲಿಲ್ಲ, ಕ್ಷಮಿಸು. "ಬದುಕಿದ್ದೀಯೇನೇ?" ಅಂತ ಕೇಳಿದ್ದೀಯಲ್ಲ, ಬದುಕಿದ್ದೇನೆ. ಸಿಟ್ಟೇ ನನ್ನನ್ನು ಎತ್ತಿ ನಡೆಸುತ್ತಿದೆ. ಭಾವನ ಮಂಡಿನೋವು ಹೇಗಿದೆ?

ಇವರ ವಿಷಯವನ್ನೂ ಕೇಳಿದ್ದೀಯ. ಹೇಳುತ್ತೇನೆ, ನಗಬೇಡ. ನಮ್ಮ ಚಿಕ್ಕಿ, ಇದ್ದೊಬ್ಬ ಮಗಳು, ಜ್ವರದಲ್ಲಿ ಹೋದ ಮೇಲೆ ಇವರು ಬಾಯಿಗೆ ಬೀಗ ಹಾಕಿಕೊಂಡದ್ದು ನಿನಗೆ ಗೊತ್ತೇ ಇದೆ. ಮಗಳಿಲ್ಲದ ಮನೆಯಲ್ಲಿ ಉಳಿದವರು ಇಬ್ಬರು, ಅದರಲ್ಲೊಬ್ಬರು ಗೋಡೆ. ನಿದ್ದೆಯಿಲ್ಲ, ಕೆಲಸವಿಲ್ಲ, ಒಣಗಿ ಕಡ್ಡಿಯಾದರು. ಕೊನೆಗೆ ಡಾಕ್ಟರು ಮಾತ್ರೆಯ ಜೊತೆಗೆ ಇನ್ನೊಂದು ಬರೆದರು: ವಾರಕ್ಕೊಮ್ಮೆ ಆಸ್ಪತ್ರೆಯ ಚಿತ್ರದ ಕೋಣೆಗೆ ಹೋಗಬೇಕು. "ಬಾಯಿಗೆ ಬಾರದ್ದು ಕೈಗೆ ಬರಬಹುದು" ಅಂದರು. ಹರೆಯದಿಂದ ಕಂಡವರ ಮನೆಗೆಲ್ಲ ಬಣ್ಣ ಹೊಡೆದ ಮನುಷ್ಯನಿಗೆ ಬಣ್ಣವೇ ಔಷಧಿ! ಮೀನಿಗೆ ಸ್ನಾನ ಮಾಡಿಸಿದ ಹಾಗೆ.

ಉದ್ದನೆಯ ಮೇಜು, ಕುಂಚ ತೊಳೆಯುವ ಡಬ್ಬಗಳು, ಮೂಲೆಯಲ್ಲಿ ಬಿಡಿಸಿದ ಚಿತ್ರಗಳನ್ನು ಇಡುವ ಕಪಾಟು, ಅಷ್ಟೇ ಆ ಕೋಣೆ. ಚಿತ್ರದ ಮೇಡಂ ನನಗಿಂತ ಚಿಕ್ಕವಳು. ಯಾರಿಗೂ ಚೆನ್ನಾಗಿದೆ ಅನ್ನುವುದಿಲ್ಲ, ಚೆನ್ನಾಗಿಲ್ಲ ಅನ್ನುವುದೂ ಇಲ್ಲ. "ಬಿಡಿಸುವಾಗ ಹೇಗನಿಸಿತು?" ಅಂತ ಕೇಳಿ ಸುಮ್ಮನೆ ಕಾಯುತ್ತಾಳೆ. ಮೊದಲ ದಿನ ಬಾಗಿಲು ತೆರೆದೇ ಇತ್ತು, ಇವರು ಬಿಳಿ ಹಾಳೆಗೆ ಬಿಳಿ ಬಣ್ಣವನ್ನೇ ಬಳಿದರು, ಕುಂಚದ ಒಂದು ಗೆರೆಯೂ ಕಾಣದ ಹಾಗೆ. ಪಕ್ಕದಲ್ಲಿದ್ದ ಹಳೇ ಬಸ್ ಡ್ರೈವರ್ ಬಗ್ಗಿ ನೋಡಿ, "ಏನ್ ಯಜಮಾನ್ರೇ, ಮಂಜಲ್ಲಿ ಬಿಳಿ ಹಸು ಮೇಯ್ತಿದೆಯಾ?" ಅಂದ. ಇವರು ನಕ್ಕರು. ನಕ್ಕರು ಅಕ್ಕಾ! ಹೊರಗಿನ ಬೆಂಚಿನ ಮೇಲೆ ಕೂತು ಆ ನಗುವನ್ನು ನಾನು ಕೇಳಿಸಿಕೊಂಡೆ. ಖುಷಿಯಾಗಬೇಕಿತ್ತು. ಹೊಟ್ಟೆ ಉರಿಯಿತು.

ಈಗ ಅಲ್ಲಿ ಮಾತಾಡುತ್ತಾರೆ, ಜೋಕು ಹೊಡೆಯುತ್ತಾರೆ. ಮನೆಗೆ ಮಾರಿ, ಊರಿಗೆ ಉಪಕಾರಿ.

"ಇವತ್ತೇನ್ರೀ ಬಿಡಿಸಿದ್ರಿ?"

"ಏನಿಲ್ಲ."

"ಏನಿಲ್ಲ ಅಂದ್ರೆ ಅಂಗಿ ತುಂಬ ಕಿತ್ತಳೆ ಬಣ್ಣ ಯಾಕೆ?"

"ಚೆಲ್ತು."

ಇಷ್ಟೇ ನಮ್ಮ ಸಂಸಾರ. ಗುಣವಾಗಿಲ್ಲ ಅಂದರೆ ನನ್ನ ನಾಲಗೆ ಬಿದ್ದುಹೋದೀತು. ನಿದ್ದೆ ಬರುತ್ತಿದೆ, ಎರಡನೇ ಸಲ ಬಡಿಸಿಕೊಳ್ಳುತ್ತಾರೆ, ಅರ್ಧ ದಿನದ ಕೆಲಸಕ್ಕೂ ಹೋಗುತ್ತಿದ್ದಾರೆ. ಆದರೆ ಆ ಮನಸ್ಸಿನಲ್ಲಿರುವುದು ಕಪಾಟಿಗೆ ಹೋಗುತ್ತದೆ, ನನ್ನ ಹತ್ತಿರ ಬರುವುದಿಲ್ಲ. ತಡೆಯಲಾರದೆ ಮೇಡಂಗೆ ಹೇಳಿದೆ, "ಒಂದ್ಸಲ ಕಪಾಟು ತೆಗೀರಿ, ನೋಡ್ತೀನಿ."

"ಅಮ್ಮಾ, ಅವು ಅವರವು. ಅವರಾಗಿ ತೋರಿಸಿದ್ರೆ ನೋಡಿ."

"ಅಂಗಿ ಒಗೆಯೋಕೆ ನಾನು, ಚಿತ್ರ ಮಾತ್ರ ಅವರದ್ದಾ?"

ಅವಳಿಗೆ ಸಿಟ್ಟು ಬರಲಿಲ್ಲ. "ನೀವೂ ಒಳಗೆ ಬನ್ನಿ, ಇನ್ನೊಂದು ಕುರ್ಚಿ ಇದೆ" ಅಂದಳು. "ನನಗೇನಾಗಿದೆ?" ಅಂದುಬಿಟ್ಟೆ. ಆ ಮಾತು ಆಡಿದ ಮೇಲೆ ಮೆಟ್ಟಿಲು ಇಳಿಯಲು ಕಾಲು ಬರಲಿಲ್ಲ. ತರಕಾರಿಯವನು, ಪಕ್ಕದ ಮನೆಯವಳು, ಡಾಕ್ಟರು, ಎಲ್ಲರೂ "ಯಜಮಾನ್ರು ಹೇಗಿದ್ದಾರೆ?" ಅಂತ ಕೇಳುತ್ತಾರೆ. ಅವರ ಸುದ್ದಿ ಓದುವ ರೇಡಿಯೋ ನಾನು. ಹೆತ್ತವಳು ಹೇಗಿದ್ದಾಳೆ ಅಂತ ಈ ಊರಲ್ಲಿ ಕೇಳಿದವಳು ಆ ಮೇಡಂ ಒಬ್ಬಳೇ, ಅದೂ ಕುರ್ಚಿ ತೋರಿಸಿ.

ಹೋಗಿ ಕೂತೆ. ಏನು ಬಿಡಿಸಿದೆ ಅನ್ನುವುದನ್ನು ಈಗ ಬರೆಯಲಾರೆ.

ಭಾವನಿಗೆ ನಮಸ್ಕಾರ. ಮಕ್ಕಳು ನೂರು ಕಾಲ ಬಾಳಲಿ, ನಿನ್ನ ಸೆರಗು ಹಿಡಿದೇ ಜಗಳವಾಡುತ್ತಿರಲಿ.

ನಿನ್ನ
ತಂಗಿ

ಮರೆತ ಮಾತು: ಮರೆತದ್ದಲ್ಲ, ನುಂಗಿಕೊಂಡದ್ದು. ಪತ್ರ ಮಡಚಿಟ್ಟಿದ್ದೆ, ಅಂಚೆಗೆ ಹಾಕಲು ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಇದೂ ನಡೆಯಿತು.

ಚಿಕ್ಕಿ ಪುಟ್ಟವಳಿದ್ದಾಗ ಅವಳ ಕೋಣೆಯ ಬಾಗಿಲ ಹಿಂದೆ, ಗೋಡೆಯ ಮೇಲೆ ಕಿತ್ತಳೆ ಕ್ರೇಯಾನಿನಲ್ಲಿ ಬೆಕ್ಕು ಬರೆದಿದ್ದಳಲ್ಲ, ನೆನಪಿದೆಯಾ? ಹಸಿ ಗೋಡೆಯ ಮೇಲೆ ನೊಣ ಕೂತರೂ ಬೈಯುವ ಇವರು, ಪ್ರತಿಸಲ ಮನೆಗೆ ಬಣ್ಣ ಹೊಡೆಯುವಾಗಲೂ ಆ ಬೆಕ್ಕಿನ ಸುತ್ತ ಕುಂಚ ತಿರುಗಿಸಿ ಅಷ್ಟು ಜಾಗ ಬಿಡುತ್ತಿದ್ದರು. ಅವಳು ಹೋದ ಮೇಲೆ ನೀನು ನನ್ನನ್ನು ನಿಮ್ಮ ಮನೆಗೆ ಕರೆದೊಯ್ದೆ. ತಿರುಗಿ ಬಂದಾಗ ಕೋಣೆಯೆಲ್ಲ ಬಿಳಿ. ಮೇಣದ ಬಣ್ಣ ಮೇಲೆದ್ದು ಬರಬಾರದೆಂದು ಅಡಿಯಲ್ಲಿ ಪ್ರೈಮರ್ ಬೇರೆ. ನನ್ನನ್ನು ಒಂದು ಮಾತು ಕೇಳಲಿಲ್ಲ ಅಕ್ಕಾ. ಕರೆದೊಯ್ದದ್ದೇ ತಪ್ಪಾಯಿತೆಂದು ನೀನು ಕೊರಗುತ್ತೀಯೆಂದು ನಿನಗೂ ಹೇಳಲಿಲ್ಲ.

ಚಿತ್ರದ ಕೋಣೆಯಲ್ಲಿ ನನ್ನ ಕೈ ಆ ಬೆಕ್ಕನ್ನೇ ಬರೆಯಿತು. ಮೂರು ಕಾಲು, ಒಂದೇ ಕಡೆ ಮೀಸೆ. ಮೇಡಂ ಹತ್ತಿರ ಕ್ರೇಯಾನ್ ಕೇಳಿ ತಂದೆ. ನಿನ್ನೆ ಸಂಜೆ ಬಾಗಿಲ ಹಿಂದೆ ಕೂತು, ಅದೇ ಜಾಗದಲ್ಲಿ, ಅವರ ಆ ಬಿಳಿ ಗೋಡೆಯ ಮೇಲೆ ಬರೆದೆ. ಇವರು ಬಂದು ನಿಂತರು. ಬೈಯಲಿ, ಇವತ್ತು ಆಗಿಯೇ ಹೋಗಲಿ ಅಂತ ನಾನೂ ಕಾದಿದ್ದೆ. ಬೆಕ್ಕನ್ನು ನೋಡಿ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತರು.

"ಬಾಲ ಇನ್ನೂ ಮೇಲಿತ್ತು ಕಣೇ. ನಾನೂ ಆಸ್ಪತ್ರೇಲಿ ಪ್ರತಿವಾರ ಇದನ್ನೇ ಬರೀತೀನಿ. ಬಾಲ ಸರಿಯಾಗಿ ಬರೋದೇ ಇಲ್ಲ."

"ಅಳಿಸಿದೋರು ನೀವೇ ಅಲ್ವೇನ್ರೀ? ತಗೊಳ್ಳಿ, ಈಗ ನೀವೇ ಬರೀರಿ."

ಕ್ರೇಯಾನ್ ಕೈಗಿಟ್ಟೆ. ಅವರು ಬರೆದದ್ದೂ ತಪ್ಪೇ, ಅಷ್ಟು ಮೇಲೆಲ್ಲಿತ್ತು? ನನ್ನ ಸಿಟ್ಟು ಇಳಿದಿಲ್ಲ. ಇವತ್ತು ಬೆಳಿಗ್ಗೆಯಿಂದ ಆ ಬಾಲದ ಮೇಲೇ ಜಗಳ ನಡೆದಿದೆ. ಇಗೋ, ಮತ್ತೆ ಕೂಗುತ್ತಿದ್ದಾರೆ.