ಲಸಿಕೆಗೆ ಆರತಿ ಎತ್ತಿದ ಅಧಿಕಾರಿಗಳಿಗೆ

ಮಾನ್ಯರೇ ಎಂದು ಬರೆಯಲು ಕೈ ಬರುತ್ತಿಲ್ಲ, ಅಧಿಕಾರಿಗಳೇ ಎಂದಷ್ಟೇ ಕರೆಯುತ್ತೇನೆ. ಜೋಗುಪಾಳ್ಯದ ನಮ್ಮ ಬೀದಿಯಲ್ಲಿ ನೀವು ನಡೆಸಿದ ರೇಬಿಸ್ ಲಸಿಕಾ ಶಿಬಿರದಲ್ಲಿ, ಬಿಸಿಲಿಗಿಟ್ಟು ಕೆಡಿಸಿದ ಔಷಧವನ್ನು ನಮ್ಮ ಪ್ರಾಣಿಗಳಿಗೆ ಚುಚ್ಚಿದಿರಿ. ನನ್ನ ನಾಯಿ ಸತ್ತಿತು. ಉಳಿದವುಗಳಿಗಾದರೂ ಮತ್ತೆ ಲಸಿಕೆ ಹಾಕಿ ಎಂದರೆ ಒಲ್ಲೆ ಎನ್ನುತ್ತೀರಿ. ಇದೇ ನನ್ನ ದೂರು.

ಆ ದಿನದ ವೈಭವ ನಿಮಗೆ ನೆನಪಿರಬೇಕು. ಫ್ಲೆಕ್ಸಿನಲ್ಲಿ ಉದ್ಘಾಟನೆಗೆ ಬರಬೇಕಿದ್ದ ಅತಿಥಿಗಳ ಮುಖ ಆನೆಗಾತ್ರ, ನಾಯಿಯ ಚಿತ್ರ ಮೂಲೆಯಲ್ಲಿ ಇಲಿಮರಿಯಷ್ಟು. ಅತಿಥಿಗಳು ಬರುವವರೆಗೆ ಒಂದು ಸೂಜಿಯೂ ಮೇಲೇಳುವಂತಿರಲಿಲ್ಲ. ಆಯುಧಪೂಜೆಯ ದಿನ ಸ್ಕೂಟರಿಗೆ ಕುಂಕುಮ ಹಚ್ಚಿ ನಿಂಬೆಹಣ್ಣು ತುಳಿಸುವವರು ನಾವೂ ಹೌದು. ಆದರೆ ಲಸಿಕೆಯ ಬಾಟಲಿಗಳನ್ನು ಐಸ್ ಪೆಟ್ಟಿಗೆಯಿಂದ ತೆಗೆದು, ಹಿತ್ತಾಳೆ ತಟ್ಟೆಯಲ್ಲಿ ಜೋಡಿಸಿ, ಒಂದೊಂದಕ್ಕೂ ಕುಂಕುಮವಿಟ್ಟು, ಸೇವಂತಿಗೆ ಮುಡಿಸಿ ಬಿಸಿಲಿನಲ್ಲಿ ಕಾಯಿಸುವ ಸಂಪ್ರದಾಯವನ್ನು ಕಂಡಿದ್ದು ನಿಮ್ಮಲ್ಲೇ. ಖಾಲಿಯಾದ ಪೆಟ್ಟಿಗೆಯೇನೂ ವ್ಯರ್ಥವಾಗಲಿಲ್ಲ ಬಿಡಿ. ಅತಿಥಿಗಳ ಹಾರ, ಬಾದಾಮಿ ಹಾಲು ಅದರೊಳಗೆ ತಣ್ಣಗೆ ಕೂತಿದ್ದವು.

ಪಕ್ಕದ ಮನೆಯ ಸುಮೈರಾ ತನ್ನ ಬೆಕ್ಕನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಬಂದಿದ್ದಳು. "ಸಾಬ್, ಇದು ಐಸಲ್ಲೇ ಇರ್ಬೇಕಲ್ವಾ? ಬಿಸಿಲು ಜಾಸ್ತಿ ಆಯ್ತು," ಎಂದು ಕೇಳಿದವಳು ಅವಳೊಬ್ಬಳೇ.

"ಪೂಜೆ ಆಗ್ಲಿ ಇರಮ್ಮ. ಗೆಸ್ಟು ಹಲಸೂರು ಸಿಗ್ನಲ್‌ಗೆ ಬಂದ್ಬಿಟ್ಟಿದ್ದಾರೆ," ಎಂದಿರಿ.

ಆ ಸಿಗ್ನಲ್ಲಿನಿಂದ ಮಂಡಿನೋವಿನ ಮುದುಕಿಯೂ ಅವರಿಗಿಂತ ಬೇಗ ಬಂದಿರುತ್ತಿದ್ದಳು. ಅವರು ಬರುವ ಹೊತ್ತಿಗೆ ನಮ್ಮ ನೆತ್ತಿ ಸುಡುತ್ತಿತ್ತು. ಆರತಿ ಎತ್ತಿದಿರಿ, ಫೋಟೊ ತೆಗೆಸಿಕೊಂಡಿರಿ, ಅವೇ ಬಾಟಲಿಗಳಿಂದ ಚುಚ್ಚಿದಿರಿ. ಲಸಿಕೆಯಾಗಿದೆ ಎಂಬ ಗುರುತಿಗೆ ಪ್ರತಿ ಕೊರಳಿಗೂ ನೀಲಿ ಬಿಲ್ಲೆ ಕಟ್ಟಿ ಕಳಿಸಿದಿರಿ. ಸರ್ಕಾರದ್ದು ಎಂದು ನಂಬಿ ನಾವೂ ಮನೆಗೆ ಬಂದೆವು.

ಕೆಲವು ತಿಂಗಳ ಮೇಲೆ ನಮ್ಮ ನಾಯಿ ಬೋಂಡನ ಕಿವಿಯನ್ನು ಬೀದಿನಾಯಿಯೊಂದು ಕಚ್ಚಿತು. "ಲಸಿಕೆ ಆಗಿದ್ಯಲ್ಲೇ, ಏನಾಗಲ್ಲ ಬಿಡು," ಎಂದರು ನಮ್ಮ ಯಜಮಾನರು ಚಲುವಯ್ಯ. ಆಮೇಲೊಂದು ದಿನ ಬೋಂಡ ಊಟ ಬಿಟ್ಟು ಮಂಚದ ಕೆಳಗೆ ಸೇರಿದ. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಮೊಸರನ್ನ ಹಿಡಿದು ಹೋದ ಯಜಮಾನರ ಕೈಯನ್ನೇ ಕಚ್ಚಿದ. ಮರಿಯಾಗಿದ್ದಾಗಿನಿಂದ ಉಂಡಿದ್ದು ಅದೇ ಕೈಯಲ್ಲಿ. ಬಚ್ಚಲುಮನೆಯಲ್ಲಿ ಕೂಡಿಹಾಕಿದೆವು. ಅವನು ಬಾಗಿಲು ಕೆರೆಯುವುದನ್ನು ಕೇಳುತ್ತಾ ಹೊರಗೆ ಕೂತು ಅತ್ತೆ. ಸತ್ತ ಮೇಲೆ ಪರೀಕ್ಷೆ ಮಾಡಿಸಿದೆವು, ರೇಬಿಸ್. ಯಜಮಾನರು ಇಂಜೆಕ್ಷನ್ ಎಲ್ಲ ಹಾಕಿಸಿಕೊಂಡಿದ್ದಾರೆ. ಆದರೂ ಗಂಟಲು ಕೆರೆದರೆ ಸಾಕು, ನನ್ನ ಮುಖ ನೋಡುತ್ತಾರೆ.

ನಿಮ್ಮ ಕಚೇರಿಗೆ ಬಂದಾಗ ನೀವು ಕೇಳಿದ ಪ್ರಶ್ನೆ: "ಲಸಿಕೆ ಬಿಸಿಲಲ್ಲಿತ್ತು ಅನ್ನೋಕೆ ಪ್ರೂಫ್ ಏನಮ್ಮಾ?"

"ನಿಮ್ ಫೋಟೊದಲ್ಲೇ ಇದ್ಯಲ್ಲ ಸಾರ್, ತಟ್ಟೆ, ಕರ್ಪೂರ ಎಲ್ಲಾ," ಎಂದೆ.

ಆಗ ದನಿ ತಗ್ಗಿಸಿ ಹೇಳಿದಿರಿ: "ಮತ್ತೆ ಹಾಕಿದ್ರೆ ನಾವೇ ತಪ್ಪೊಪ್ಕೊಂಡಂಗೆ ಆಗುತ್ತೆ. ಹೋಗಿದ್ದು ಒಂದ್ ನಾಯಿ ತಾನೆ, ಬಿಡಿ."

ಥೂ ಎನ್ನಿಸಿತು. ನಿಮ್ಮ ಹುಳುಕು ಮುಚ್ಚಲು ಇಡೀ ಬೀದಿಯನ್ನು ಪಣಕ್ಕಿಡುತ್ತೀರಲ್ಲ, ಹೊಟ್ಟೆಗೆ ಅನ್ನವನ್ನೇ ತಿನ್ನುತ್ತೀರಾ? ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆಯನ್ನೂ ಸುಳ್ಳು ಮಾಡಿದಿರಿ: ಮಾಡಿದವರು ನೀವು, ಉಣ್ಣುತ್ತಿರುವವರು ನಾವು.

ಸುಮೈರಾ ತನ್ನ ಬೆಕ್ಕಿಗೆ ಖಾಸಗಿ ಡಾಕ್ಟರ ಬಳಿ ಮತ್ತೆ ಲಸಿಕೆ ಹಾಕಿಸಿದಳು. ಉಳಿದವರು ನನ್ನ ಮಾತು ಕೇಳುತ್ತಿಲ್ಲ. ನಾಯಿ ಸತ್ತ ಸಂಕಟಕ್ಕೆ ತಲೆ ಕೆಟ್ಟಿದೆ ಎನ್ನುತ್ತಾರೆ. ಮೂಲೆಮನೆಯ ಮುನಿಆಂಜನಪ್ಪನವರ ನಾಯಿಯ ಕಾಲಿಗೆ ನಿನ್ನೆ ಬೀದಿನಾಯಿ ಬಾಯಿ ಹಾಕಿದೆ. ಅವರ ಮೊಮ್ಮಗಳು ಆ ನಾಯಿಯನ್ನು ತಬ್ಬಿಕೊಂಡೇ ಮಲಗುವವಳು. ಹೋಗಿ ಕೈಮುಗಿದು ಹೇಳಿದೆ. ಅವರು ಬಿಲ್ಲೆ ಎತ್ತಿ ತೋರಿಸಿದರು: "ಇದಿದ್ಯಲ್ಲಮ್ಮ. ಕೆಟ್ಟಿದೆ ಅಂತ ಆಫೀಸರ್ ಬಂದು ಹೇಳ್ಲಿ, ಆಮೇಲೆ ನೋಡಣ."

ಆಟೋಗೆ ಮೈಕ್ ಕಟ್ಟಿಕೊಂಡು ಬಂದು, ಆ ದಿನದ ಲಸಿಕೆಯನ್ನು ನಂಬಬೇಡಿ ಎಂದು ನಿಮ್ಮ ಬಾಯಿಂದಲೇ ಸಾರಿ. ಮನೆಮನೆಗೆ ಹೋಗಿ ಮತ್ತೆ ಚುಚ್ಚಿ. ಅಷ್ಟೂ ಕಷ್ಟವಾದರೆ ಇವತ್ತು ಸಂಜೆಯೊಳಗೆ ಆ ಮೂಲೆಮನೆಗಾದರೂ ಹೋಗಿ. ಮಗು ಬಾಗಿಲು ತೆಗೆದರೆ, ಲಸಿಕೆ ಕೆಟ್ಟಿತ್ತು ಎಂದು ಅವಳಿಗೇ ಹೇಳಿ.

ಇಂತಿ,
ನಿಮ್ಮ ಸುಳ್ಳಿಗಿರುವಷ್ಟು ಬೆಲೆಯೂ ತನ್ನ ನಿಜಕ್ಕಿಲ್ಲದ
ನಾಗರತ್ನಾ ಚಲುವಯ್ಯ
ಜೋಗುಪಾಳ್ಯ