ಎಪ್ಪತ್ತೆರಡು ಹಲಗೆ

ಫೆಬ್ರವರಿ 1, ಭಾನುವಾರ

ಬೆಳಿಗ್ಗೆ ಹೋಟೆಲಿನಲ್ಲಿ ನೂರ ಹತ್ತು ಬೆಡ್‌ಶೀಟ್ ಎಣಿಸಿ ಒಗೆಯಲು ಹಾಕಿದೆ. ಆರರಲ್ಲಿ ಎಣ್ಣೆಯ ಕಲೆ, ಎರಡರಲ್ಲಿ ಕಾಫಿ. ರಜೆಗೆ ಬಂದವರ ಬಂಡವಾಳವೆಲ್ಲ ಬಟ್ಟೆ ಕೋಣೆಯವಳಿಗೆ ಗೊತ್ತು. ಇರಲಿ.

ಹನ್ನೊಂದೂವರೆಗೆ ಕಡಲತೀರಕ್ಕೆ ಓಡಿದೆ. ಬಡಗಿ ಟೇಪು ಹಿಡಿದು ಕಾಯುತ್ತಿದ್ದ. ರಸ್ತೆಯಿಂದ ಮರಳಿಗೆ ಇಳಿಯುವ ಮೆಟ್ಟಿಲ ಬುಡದಿಂದ ನೀರಿನ ಅಂಚಿನವರೆಗೆ ಅಳೆದೆವು — ನೂರ ನಲವತ್ತನಾಲ್ಕು ಅಡಿ. ಎರಡಡಿ ಅಗಲದ ಹಲಗೆಯಾದರೆ ಎಪ್ಪತ್ತೆರಡು ಬೇಕು. ಒಂದೊಂದು ಹಲಗೆಗೆ ಒಬ್ಬೊಬ್ಬ ದಾನಿ. ಮರಳ ಮೇಲೆ ಸಾಲಾಗಿ ಹಾಸಿ ಹಗ್ಗದಿಂದ ಬಿಗಿದರೆ ವೀಲ್‌ಚೇರ್ ಹೂತುಹೋಗದೆ ನೀರಿನವರೆಗೆ ಉರುಳುತ್ತದೆ. ಇಪ್ಪತ್ತೆರಡಕ್ಕೆ ಕಾರ್ನಿವಲ್, ಅವತ್ತೇ ಈ ದಾರಿಯ ಉದ್ಘಾಟನೆ. ಅವತ್ತು ಸೇರಿದ ಹಣದಲ್ಲಿ ಮೆಟ್ಟಿಲ ಪಕ್ಕ ಸಿಮೆಂಟಿನ ಇಳಿಜಾರು. ಅದಾಗುವ ತನಕ ಬಡಗಿ ಮಾಡಿಕೊಡುವ ಮರದ ಇಳಿಜಾರು.

ಇಲ್ಲಿ ಮಾತ್ರ ಬರೆದಿಡುತ್ತೇನೆ. ನಾನು ಈ ದಾರಿಯ ಕಮಿಟಿ ಸೇರಿದ್ದು ಊರಿಗಾಗಿ ಅಲ್ಲ, ತಂಗಿಗಾಗಿ. ನಮ್ಮ ಮನೆಯಿಂದ ಸಮುದ್ರ ಇನ್ನೂರು ಹೆಜ್ಜೆ. ಬಸ್ಸು ಮಗುಚಿ ಅವಳು ವೀಲ್‌ಚೇರ್‌ಗೆ ಬಂದು ಒಂಬತ್ತು ವರ್ಷ. ಆವತ್ತಿನಿಂದ ನೀರು ಮುಟ್ಟಿಲ್ಲ. ಒಮ್ಮೆ ನಾಲ್ಕು ಜನ ಕುರ್ಚಿ ಸಮೇತ ಎತ್ತಿಕೊಂಡು ಹೊರಟಿದ್ದರು, ಮೂಟೆ ಹೊತ್ತ ಹಾಗೆ. ಅರ್ಧ ದಾರಿಯಲ್ಲಿ ಯಾರೋ ಫೋಟೊ ತೆಗೆದರು. "ವಾಪಸ್ ಕರ್ಕೊಂಡು ಹೋಗಿ" ಅಂದಳು. ಆಮೇಲೆ ಆ ಮಾತೇ ಎತ್ತಿಲ್ಲ. ಅವಳು ತನ್ನ ಕೈಯಿಂದಲೇ ಚಕ್ರ ತಳ್ಳಿಕೊಂಡು ನೀರಿನ ತನಕ ಹೋಗಬೇಕು. ನನ್ನ ಹಟ ಅಷ್ಟೇ.

ಫೆಬ್ರವರಿ 4, ಬುಧವಾರ

ಸಂಜೆ ಮೀಟಿಂಗ್. ಎಂದಿನಂತೆ ಅಧ್ಯಕ್ಷರ ಔಷಧಿ ಅಂಗಡಿಯ ಮಹಡಿಯಲ್ಲಿ, ಖಾಲಿ ರಟ್ಟಿನ ಪೆಟ್ಟಿಗೆಗಳ ನಡುವೆ. ಉದ್ಘಾಟನೆಯ ಕಲ್ಲಿನಲ್ಲಿ ತಮ್ಮ ಹೆಸರು ಎಷ್ಟು ದಪ್ಪ ಇರಬೇಕು ಅಂತ ಅಧ್ಯಕ್ಷರು ಅರ್ಧ ಗಂಟೆ ಕೊರೆದರು. ಕೂಸು ಹುಟ್ಟೋ ಮುಂಚೆ ಕುಲಾವಿ. ಹಲಗೆ ಹತ್ತೊಂಬತ್ತೇ ಆಗಿದೆ ಅಂತ ನೆನಪಿಸಿದೆ.

"ಅದಕ್ಕೇ ಹೇಳ್ತಿರೋದು," ಅಂದರು. "ಪೋಸ್ಟರ್‌ಗೆ ಒಂದು ಮುಖ ಬೇಕು. ಬರೀ ಮರದ ಚಿತ್ರ ನೋಡಿ ಯಾರು ಕೊಡ್ತಾರೆ? ನಿಮ್ಮ ತಂಗಿ ಫೋಟೊ ಒಂದು ಕೊಡಿ."

ಅವಳನ್ನು ಕೇಳಿ ಹೇಳುತ್ತೇನೆ ಅನ್ನಬೇಕಿತ್ತು. ಕೇಳಿದರೆ ಬೇಡ ಅನ್ನುತ್ತಾಳೆ, ಅದೂ ಗೊತ್ತಿತ್ತು. ಹತ್ತೊಂಬತ್ತು… ಇನ್ನೂ ಐವತ್ತಮೂರು. ಮೊಬೈಲಿನಲ್ಲಿದ್ದ ಒಂದನ್ನು ಅಲ್ಲೇ ಕಳಿಸಿದೆ. ಒಳ್ಳೆ ಕೆಲಸಕ್ಕೆ ತಾನೇ.

ಫೆಬ್ರವರಿ 9, ಸೋಮವಾರ

ಹಲಗೆ ಇಪ್ಪತ್ತಾರು. ಪೋಸ್ಟರ್ ಇವತ್ತು ಪ್ರೆಸ್ಸಿನಿಂದ ಬಂತು. ನೂರ ನಲವತ್ತು. ನೋಡಲಿಲ್ಲ, ಇಸ್ತ್ರಿ ಯಂತ್ರ ಕೆಟ್ಟು ಕೂತಿತ್ತು. ನೂರ ಹತ್ತು ಶೀಟಿಗೂ ಕೈಯಲ್ಲೇ ಇಸ್ತ್ರಿ. ಸೊಂಟ ನನ್ನದೋ ಬೇರೆಯವರದೋ ತಿಳಿಯುತ್ತಿಲ್ಲ.

ಮನೆಗೆ ಬಂದಾಗ ತಂಗಿ ಫೋನಿನಲ್ಲಿದ್ದಳು. ಟ್ಯಾಕ್ಸಿ ಸ್ಟ್ಯಾಂಡಿನ ಕರೆಗಳೆಲ್ಲ ನಮ್ಮ ಕಿಟಕಿ ಪಕ್ಕದ ಆ ಮೇಜಿಗೇ ಬರುತ್ತವೆ. ಯಾವ ಡ್ರೈವರ್ ಎಲ್ಲಿದ್ದಾನೆ, ಯಾರು ಊಟಕ್ಕೆ ಅಂತ ಹೇಳಿ ನಿದ್ದೆ ಹೊಡೆಯುತ್ತಿದ್ದಾನೆ, ಎಲ್ಲ ಅವಳಿಗೆ ಗೊತ್ತು. "ಪಂಕ್ಚರ್ ಆಗಿದ್ದು ನಿನ್ನ ಗಾಡಿನೋ, ನಿನ್ನ ಮನಸ್ಸೋ?" ಅಂತ ಒಬ್ಬನಿಗೆ ಹೇಳುತ್ತಿದ್ದಳು. ನಗು ಬಂತು. ಫೋಟೊ ವಿಷಯ ಈಗ ಹೇಳಲೇ ಅಂದುಕೊಂಡೆ. ಹೇಳಲಿಲ್ಲ.

ಫೆಬ್ರವರಿ 11, ಬುಧವಾರ

ಆಯಿತು. ಆಗಬಾರದ್ದೇ ಆಯಿತು.

ಡ್ರೈವರ್ ಒಬ್ಬ ಪೋಸ್ಟರ್ ಕಿತ್ತು ತಂದು ಅವಳ ಮೇಜಿನ ಮೇಲಿಟ್ಟಿದ್ದ. ಅವಳ ಮುಖ ಮೊರದಗಲ. ಕೆಳಗೆ ದಪ್ಪ ಅಕ್ಷರದಲ್ಲಿ: ಈ ಹೆಣ್ಣುಮಗಳಿಗೆ ಸಮುದ್ರ ತೋರಿಸೋಣ.

"ಸಮುದ್ರ ನನಗೆ ದಿನಾ ಕಾಣುತ್ತೆ," ಅಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. "ಫೋಟೊ ಯಾರು ಕೊಟ್ಟಿದ್ದು?"

"ನಾನೇ."

"ನನ್ನನ್ನ ಕೇಳಿದ್ಯಾ?"

"ಒಳ್ಳೇದಕ್ಕೇ ಅಲ್ವೇನೇ…"

"ಮನೆಗೆ ಮಾರಿ, ಊರಿಗೆ ಉಪಕಾರಿ. ನಿಮ್ಮ ಹಲಗೆ ಮೇಲೆ ನೀವೇ ಓಡಾಡ್ಕೊಳ್ಳಿ. ನಾನು ಬರಲ್ಲ."

ಫೋನು ಬಂತು. ಎತ್ತಿ, ಯಾರಿಗೋ ರೈಲ್ವೆ ಸ್ಟೇಷನ್ನಿಗೆ ಗಾಡಿ ಕಳಿಸಿದಳು. ಎಂದಿನ ದನಿಯಲ್ಲೇ. ನಾನು ಅಡುಗೆ ಮನೆಗೆ ಹೋಗಿ ಅತ್ತೆ. ನಾಚಿಕೆಗೆ ಅತ್ತದ್ದು, ಬೇರೇನಕ್ಕೂ ಅಲ್ಲ.

ಫೆಬ್ರವರಿ 14, ಶನಿವಾರ

ಎರಡು ದಿನ ಬರೆದಿಲ್ಲ. ಪೋಸ್ಟರ್ ಕೀಳುತ್ತಿದ್ದೆ. ಬಕೆಟ್ಟು, ಬಿಸಿನೀರು, ಹಳೆಯ ಅಡುಗೆ ಚಾಕು. ಹೋಟೆಲಿನ ಕೆಲಸ ಮುಗಿದ ಮೇಲೆ ಕತ್ತಲಾಗುವ ತನಕ. ಲೈಟು ಕಂಬ, ಐಸ್‌ಕ್ರೀಂ ಗಾಡಿ, ಬಸ್ ನಿಲ್ದಾಣ, ಸಾರ್ವಜನಿಕ ಶೌಚಾಲಯದ ಬಾಗಿಲು. ಹೌದು, ಅಲ್ಲೂ ಅಂಟಿಸಿದ್ದರು. ಅದನ್ನು ಕಿತ್ತ ಮೇಲೆ ಬಾಗಿಲನ್ನು ಎರಡು ಸಲ ಕೆರೆದು ತೊಳೆದೆ. ಉಗುರುಗಳ ಸಂದಿಯಲ್ಲೆಲ್ಲ ಅಂಟು.

ಅಧ್ಯಕ್ಷರು ಎದುರಾದರು. "ಏನಮ್ಮಾ, ಹುಚ್ಚು ಹಿಡೀತಾ? ಇದರಿಂದಲೇ ಹಲಗೆ ಐವತ್ತೆಂಟಕ್ಕೆ ಬಂದಿರೋದು."

"ಹಲಗೆ ನಾನು ತರ್ತೀನಿ. ಮನೆ ಮನೆಗೆ ಹೋಗ್ತೀನಿ. ಇದು ಬೇಡ."

ನೂರ ಮೂವತ್ತೊಂಬತ್ತು ಕಿತ್ತೆ. ಇನ್ನೊಂದು ಅವಳ ಮೇಜಿನ ಮೇಲಿದೆ. ಅವಳು ಮಾತಾಡುವುದಿಲ್ಲ. ಅನ್ನ ಬಡಿಸಿದರೆ ಉಣ್ಣುತ್ತಾಳೆ, ತಟ್ಟೆ ತೊಳೆದಿಡುತ್ತಾಳೆ.

ಫೆಬ್ರವರಿ 15, ಭಾನುವಾರ

ಹಲಗೆ ಅರವತ್ತೇಳು. ಮನೆ ಮನೆ ಸುತ್ತಿ ಹೊಸದಾಗಿ ಒಂಬತ್ತು. ಬಾಯಿ ಒಣಗಿದೆ, ಚಪ್ಪಲಿ ಸವೆದಿದೆ. ಬಿಡುವುದಿಲ್ಲ.

ಸಂಜೆ ಅವಳೆದುರು ಕೂತೆ. ತಪ್ಪಾಯಿತು ಅಂದೆ. ಸುತ್ತುಬಳಸಿ ಅಲ್ಲ, ನೇರವಾಗಿ. "ನಿನ್ನನ್ನ ಕೇಳದೆ ಇನ್ನು ಒಂದು ಹೆಜ್ಜೆ ಇಡಲ್ಲ. ನೀನೇ ಕಮಿಟಿಗೆ ಬಾ. ಮಂಗಳವಾರ ಮೀಟಿಂಗ್."

"ಎಲ್ಲಿ?"

"ಅದೇ, ಔಷಧಿ ಅಂಗಡಿ ಮಹಡಿ ಮೇಲೆ."

ಅವಳು ಚಕ್ರದ ಮೇಲೆ ಕೈಯಿಟ್ಟಳು. ನನಗಿನ್ನೂ ಹೊಳೆದಿರಲಿಲ್ಲ. ದಡ್ಡಿ ನಾನು.

"ಎಷ್ಟು ಮೆಟ್ಟಿಲು?" ಅಂದಳು.

ಹದಿನೇಳು. ಹನ್ನೊಂದು ವಾರದಿಂದ ಹದಿನೇಳು ಮೆಟ್ಟಿಲು ಹತ್ತಿ ಕೂತು, ಮೆಟ್ಟಿಲು ಹತ್ತಲಾಗದವರಿಗೆ ದಾರಿ ಮಾಡುವ ಮಾತಾಡಿದ್ದೇವೆ. ಒಬ್ಬರ ತಲೆಗೂ ಬಂದಿಲ್ಲ. ನನ್ನ ತಲೆಗೇ ಬಂದಿಲ್ಲ, ಬೇರೆಯವರನ್ನು ಏನಂತ ಅನ್ನಲಿ. ನೆಲ ಬಾಯಿ ಬಿಡಬಾರದೇ ಅನಿಸಿತು. ಅವಳು ನಕ್ಕಳು. ಕೋಪದ ನಗೆ ಅಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಐದು ದಿನದ ಮೇಲೆ ಆ ಸದ್ದು ಕೇಳಿದ್ದು. ಎಷ್ಟು ಬೇಕಾದರೂ ನಗಲಿ.

ಫೆಬ್ರವರಿ 17, ಮಂಗಳವಾರ

ಮೀಟಿಂಗ್ ಟ್ಯಾಕ್ಸಿ ಸ್ಟ್ಯಾಂಡಿನ ಶೆಡ್ಡಿನಲ್ಲಿ. ಟೈರುಗಳ ಮೇಲೆ ಕೂತೆವು. ಮಹಡಿ ಯಾಕೆ ಬೇಡ ಅಂತ ಹೇಳಿದಾಗ ಅಧ್ಯಕ್ಷರ ಮುಖ ಇಷ್ಟೇ ಆಯಿತು. ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಪೋಸ್ಟರಿಗೂ ಕ್ಷಮೆ ಕೇಳಿದರು. ಕೆಟ್ಟವರಲ್ಲ.

ಬಡಗಿ ನಕ್ಷೆ ಬಿಡಿಸಿ ತೋರಿಸಿದ. ನೂರ ನಲವತ್ತನಾಲ್ಕು ಅಡಿ, ಎಪ್ಪತ್ತೆರಡು ಹಲಗೆ. ತಂಗಿ ಕೇಳಿದ್ದು ಒಂದೇ ಪ್ರಶ್ನೆ.

"ಅಳೆದಿದ್ದು ಎಷ್ಟೊತ್ತಿಗೆ?"

"ಒಂದನೇ ತಾರೀಕು, ಹನ್ನೊಂದೂವರೆಗೆ," ಅಂದ ಬಡಗಿ. "ಯಾಕಮ್ಮ?"

"ಅವತ್ತು ಆ ಹೊತ್ತಿಗೆ ಪೂರಾ ಉಬ್ಬರ. ಸಮುದ್ರ ಮೇಲೆ ಬಂದು ನಿಂತಿತ್ತು. ಉದ್ಘಾಟನೆ ಎಷ್ಟಕ್ಕೆ?"

"ಇಪ್ಪತ್ತೆರಡಕ್ಕೆ, ಹತ್ತು ಗಂಟೆಗೆ."

"ಆಗ ಪೂರಾ ಇಳಿತ. ನಿಮ್ಮ ಹಲಗೆ ಮುಗಿದ ಮೇಲೂ ನೀರು ಇನ್ನೂ ನೂರು ಅಡಿ ಆಚೆ ಇರುತ್ತೆ."

ಬಡಗಿ ನಕ್ಷೆ ಮಡಚಿಟ್ಟ. ದೋಣಿ ಸವಾರಿಯವರಿಗೆ ಹೊತ್ತು ನೋಡಿ ಟ್ಯಾಕ್ಸಿ ಕಳಿಸಬೇಕಲ್ಲ, ಉಬ್ಬರ ಇಳಿತದ ಪಟ್ಟಿ ಅವಳ ಫೋನಿನ ಪಕ್ಕದಲ್ಲೇ ಅಂಟಿಸಿದೆ. ನಾನು ದಿನಾ ಅದರ ಮೇಲಿನ ಧೂಳು ಒರೆಸುತ್ತೇನೆ. ನಾವೆಲ್ಲ ಇಲ್ಲೇ ಹುಟ್ಟಿದವರು. ಸಮುದ್ರದ ವಿಷಯ ನಮಗೆ ಯಾರು ಹೇಳಬೇಕು ಅನ್ನುವ ಜಂಬ. ಪಟ್ಟಿ ನೋಡಬೇಕು ಅಂತ ಒಬ್ಬರಿಗೂ ಅನಿಸಲಿಲ್ಲ.

"ನಿನಗೆ ಮೊದಲೇ ಗೊತ್ತಿತ್ತಾ?" ಮನೆಗೆ ಬಂದ ಮೇಲೆ ಕೇಳಿದೆ.

"ಅಳೆಯೋದನ್ನ ಕಿಟಕಿಯಿಂದ ನೋಡಿದ್ದೆ. ಯಾರಾದ್ರೂ ಕೇಳ್ತಾರೇನೋ ಅಂತ ಕಾದೆ."

ಫೆಬ್ರವರಿ 19, ಗುರುವಾರ

ಹೊತ್ತು ಬದಲಿಸಲು ಆಗುವುದಿಲ್ಲ. ಬ್ಯಾಂಡಿನವರು ಮಧ್ಯಾಹ್ನವೇ ಬೇರೆ ಊರಿಗೆ ಹೋಗಬೇಕು. ರಸ್ತೆಗೆ ಪರ್ಮಿಷನ್ ಬೆಳಿಗ್ಗೆಯಿಂದ ಸಂಜೆ ಆರರವರೆಗೆ ಮಾತ್ರ.

ಹಾಗಾದರೆ ಇನ್ನೂ ಐವತ್ತು ಹಲಗೆ. ಮೂರು ದಿನದಲ್ಲಿ. ಎಪ್ಪತ್ತೆರಡು ನಿನ್ನೆಯಷ್ಟೇ ಮುಗಿದಿತ್ತು, ನಿಟ್ಟುಸಿರು ಬಿಡಲೂ ಬಿಡಲಿಲ್ಲ. ಹೋಟೆಲಿನ ಗೋದಾಮಿನಲ್ಲಿ ಹಳೆಯ ಬಾಗಿಲು ಹನ್ನೆರಡು ಇವೆ, ಮ್ಯಾನೇಜರನ್ನು ಪೀಡಿಸಿ ಒಪ್ಪಿಸಿದೆ. ಬಡಗಿಯ ಬಳಿ ಮೇಜಿನ ಹಲಗೆ ಎಂಟು. ನಮ್ಮ ಮನೆಯ ಅಟ್ಟದಿಂದ ನಾಲ್ಕು. ನನ್ನ ಮಂಚ ಬಿಚ್ಚಿದರೆ ಇನ್ನು ಮೂರು. ಸ್ಪ್ಯಾನರ್ ತಂದು ಮಂಚದ ಬೋಲ್ಟು ತಿರುಗಿಸಲು ಕೂತೆ.

ತಂಗಿ ಬಾಗಿಲಲ್ಲಿ. "ಅಕ್ಕ, ಏನು ಮಾಡ್ತಿದ್ದೀಯ?"

"ಕಾಣಲ್ವಾ? ಹಲಗೆ."

"ಮಲಗೋದು ಎಲ್ಲಿ?"

"ನೆಲದ ಮೇಲೆ. ನಿನಗೇನು?"

"ಸ್ಪ್ಯಾನರ್ ಕೆಳಗಿಡು. ಮತ್ತೆ ನನ್ನನ್ನ ಕೇಳದೆ ಶುರು ಮಾಡಿದ್ದೀಯ." ನಾಲಿಗೆ ಕಚ್ಚಿಕೊಂಡೆ. ಅವಳು ಹತ್ತಿರ ಬಂದಳು. "ಹಲಗೆ ಸಾಕು. ಹತ್ತು ಗಂಟೆಗೆ ನಾನು ಕೊನೇ ಹಲಗೆವರೆಗೆ ಹೋಗ್ತೀನಿ. ಅಲ್ಲಿ ಕೂತ್ಕೊಳ್ತೀನಿ. ಐದು ಗಂಟೆ ಹೊತ್ತಿಗೆ ನೀರು ಅಲ್ಲಿಗೇ ಬರುತ್ತೆ."

"ಏಳು ಗಂಟೆ ಕಾಲ ಬಿಸಿಲಲ್ಲಿ ಕೂರ್ತೀಯಾ?"

"ಒಂಬತ್ತು ವರ್ಷ ಕೂತಿದ್ದೀನಿ. ಒಂದು ಕೊಡೆ ತಂದ್ಕೊಡು."

ಬರುತ್ತಾಳೆ. ಬರುತ್ತೇನೆ ಅಂದಳು. ಮಂಚದ ಬೋಲ್ಟು ಮತ್ತೆ ಬಿಗಿದೆ. ಸರಿಯಾಗಿ ಕೂತಿಲ್ಲ, ಹೊರಳಿದರೆ ಕಿರ್ ಅನ್ನುತ್ತದೆ.

ಫೆಬ್ರವರಿ 22, ಭಾನುವಾರ. ಬೆಳಿಗ್ಗೆ 7

ಹಲಗೆ ಹಾಸಿ ಆಯಿತು. ಐದರಿಂದ ಬಗ್ಗಿ ಬಗ್ಗಿ ಎಲ್ಲರ ಸೊಂಟವೂ ಬಿದ್ದುಹೋಗಿದೆ. ನೀರು ಆಗಲೇ ಹಿಂದೆ ಸರಿಯುತ್ತಿದೆ. ಡೈರಿ ಚೀಲದಲ್ಲಿ ಹಾಕಿಕೊಂಡೆ.

10.50

ಬಂದಳು. ಅವಳೇ ತಳ್ಳಿಕೊಂಡು. ಮರದ ಇಳಿಜಾರಿನಲ್ಲಿ ಎರಡೂ ಕೈಯಿಂದ ಚಕ್ರ ಬಿಗಿಹಿಡಿದು, ಆಮೇಲೆ ಒಂದೊಂದೇ ಹಲಗೆ. ಬ್ಯಾಂಡು ಜೋರಾಗಿ ಬಾರಿಸುತ್ತಿತ್ತು, ಬಣ್ಣದ ವೇಷದವರು ಎರಡೂ ಕಡೆ ನಿಂತಿದ್ದರು. ನಾನು ಹಿಂದೆ ಬಂದೆ. ಕುರ್ಚಿಗೆ ಕೈ ತಾಗಿಸಲಿಲ್ಲ. ಕಷ್ಟವಾಯಿತು, ನನಗೆ.

ಎಪ್ಪತ್ತೆರಡನೆಯ ಹಲಗೆಯಲ್ಲಿ ನಿಂತಳು. ಮುಂದೆ ಒದ್ದೆ ಮರಳು, ಎಲ್ಲೋ ದೂರದಲ್ಲಿ ನೀರು. ಆಗ ಮೈಕಿನಲ್ಲಿ ಅಧ್ಯಕ್ಷರು: "ಸ್ವಯಂಸೇವಕರು ನಾಲ್ಕು ಜನ ಮುಂದೆ ಬನ್ನಿ, ಇನ್ನೊಂದು ಸ್ವಲ್ಪ ದೂರ ಎತ್ಕೊಂಡು ಹೋಗೋಣ. ಪತ್ರಿಕೆಯವರು ಬಂದಿದ್ದಾರೆ." ಎತ್ತುವುದು ಬೇಡ ಅಂತ ನಿನ್ನೆ ಅಷ್ಟು ಹೇಳಿದ್ದೆ. ಮೈಕು ಕೈಗೆ ಬಂದರೆ ಮನುಷ್ಯ ಮರೆತುಬಿಡುತ್ತಾನೆ. ನಾಲ್ಕು ಜನ ಬಂದೇಬಿಟ್ಟರು. ಒಬ್ಬ ಬಗ್ಗಿ ಚಕ್ರಕ್ಕೆ ಕೈ ಹಾಕಿದ.

ಅಡ್ಡ ನಿಂತೆ. "ಕೈ ತೆಗಿ," ಅಂದೆ.

"ಎರಡು ನಿಮಿಷದ ಕೆಲಸ ಅಕ್ಕ…"

"ಅವಳನ್ನ ಕೇಳು."

ಅವನು ಅವಳ ಮುಖ ನೋಡಿದ. ಬೇಡ ಅಂದಳು. ಅಷ್ಟೇ. ಅವನು ಕೈ ತೆಗೆದ. ಪತ್ರಿಕೆಯವರು ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು ಹೋದರು.

ಮಧ್ಯಾಹ್ನ 2.15

ಕಾರ್ನಿವಲ್ ಜೋರು. ಹಿಂದೆ ಹಗ್ಗಜಗ್ಗಾಟ, ಗೋಣಿಚೀಲದ ಓಟ. ಡ್ರೈವರುಗಳು ಸರದಿಯಲ್ಲಿ ಬಂದು ಅವಳಿಗೆ ನೀರು ಕೊಟ್ಟು ಹೋಗುತ್ತಿದ್ದಾರೆ. ಸ್ಟ್ಯಾಂಡಿನ ಫೋನು ತೊಡೆಯ ಮೇಲಿದೆ, ನಡುವೆ ಎರಡು ಗಾಡಿ ಕಳಿಸಿದಳು. ನನ್ನ ಮೂಗು ಸುಟ್ಟು ಕೆಂಪಾಗಿದೆ. ಸಿಮೆಂಟಿನ ಇಳಿಜಾರಿಗೆ ಬೇಕಾದಷ್ಟು ಹಣ ಸೇರಿತು ಅಂತ ಅಧ್ಯಕ್ಷರು ಓಡಿಬಂದು ಹೇಳಿದರು. ಹೋಗಲಿಲ್ಲ, ಬೂಟು ಬಿಚ್ಚಿ ನಮ್ಮ ಪಕ್ಕ ಮರಳಲ್ಲೇ ಕೂತರು. ಬೆಳಗಿನದಕ್ಕೆ ಅವಳ ಹತ್ತಿರ ಏನೋ ಗೊಣಗಿದರು. "ಕೊಡೆ ಸ್ವಲ್ಪ ಈ ಕಡೆ ಹಿಡೀರಿ," ಅಂದಳು. ಹಿಡಿದುಕೊಂಡಿದ್ದಾರೆ.

4.10

ನೀರು ಬರುತ್ತಿದೆ. ಸುಮಾರು ಇಪ್ಪತ್ತು ಅಡಿ. ಎರಡು ಅಲೆ ಮುಂದೆ, ಒಂದು ಅಲೆ ಹಿಂದೆ… ಆಟ ಮುಗಿಸಿದವರೆಲ್ಲ ಒಬ್ಬೊಬ್ಬರಾಗಿ ಬಂದು ಹಿಂದೆ ಕೂರುತ್ತಿದ್ದಾರೆ. ಯಾರೂ ಕರೆದಿಲ್ಲ. ಯಾರೂ ಫೋಟೊ ತೆಗೆಯುತ್ತಿಲ್ಲ. ಬಡಗಿ ಕೊನೆಯ ಹಲಗೆಯ ಹಗ್ಗ ಮೂರನೆಯ ಸಲ ಬಿಗಿದ.

4.40

ಆರು ಅಡಿ ಇರಬಹುದು. ಫೋನು ಡ್ರೈವರ್ ಒಬ್ಬನ ಕೈಗೆ ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ: "ಅಕ್ಕ, ನನ್ನ ಶೂ ಬಿಚ್ಚು."

ಬಿಚ್ಚಿದೆ. ಸಾಕ್ಸೂ. ಪಾದಗಳು ಬೆಳ್ಳಗೆ, ಒಂಬತ್ತು ವರ್ಷ ಬಿಸಿಲು ಕಾಣದ ಪಾದ. ಎತ್ತಿ ಹಲಗೆಯ ಅಂಚಿನಲ್ಲಿಟ್ಟೆ.

"ಬರೆಯೋದು ನಿಲ್ಲಿಸು," ಅಂದಳು. "ಕೆಳಗೆ ನೋಡ್ತಾ ಇರು. ನೀರು ಪಾದಕ್ಕೆ ತಾಗಿದ್ದು ನನಗೆ ಗೊತ್ತಾಗಲ್ಲ. ನೀನೇ ಹೇಳ್ಬೇಕು."

ಹೇಳುತ್ತೇನೆ. ಕಣ್ಣು ಅಲ್ಲೇ ಇದೆ, ಅಕ್ಷರ ಎಲ್ಲೆಲ್ಲೋ ಹೋಗುತ್ತಿದೆ. ಇನ್ನು ಒಂದು ಗೇಣು. ಈ ಅಲೆ ಅಲ್ಲ… ಮುಂದಿನದು, ದೊಡ್ಡದಿದೆ, ಬರ್ತಾ