ಓದುವವಳಿಲ್ಲದ ಭಾನುವಾರ

ಬ್ಯಾಡಗಿ
18-2-2007, ಭಾನುವಾರ

ಮಗಳಂಥ ಸೊಸೆ ರೋಹಿಣಿಗೆ,

ಹೇಗಿದ್ದೀಯ? ತವರಿಗೆ ಹೋದ ಮೇಲೆ ಆ ಕೆಮ್ಮು ನಿಂತಿತೇ? ರಾಣೇಬೆನ್ನೂರಿನಲ್ಲಿ ಮೆಣಸಿನಕಾಯಿ ಘಾಟಿಲ್ಲ, ನಿಲ್ಲಲೇಬೇಕು. ನಾನು ಆರಾಮಿದ್ದೇನೆ, ಮೊಣಕಾಲು ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ನಿಮ್ಮ ತಂದೆಯವರ ಕಾಗದ ಬಂತು. ಹಾವೇರಿಯ ಮಾಸ್ತರರು ನಿನ್ನನ್ನು ಮದುವೆಯಾಗಲು ಒಪ್ಪಿದ್ದಾರೆಂದೂ, ನೀನು ಮಾತ್ರ "ಅತ್ತಿ ಹೂಂ ಅಂದ್ರ ಅಷ್ಟ" ಎಂದು ಹಟ ಹಿಡಿದಿದ್ದೀಯೆಂದೂ ಬರೆದಿದ್ದಾರೆ. ಅದಿರಲಿ, ಮೊದಲು ಇಲ್ಲಿಯ ಸುದ್ದಿ ಕೇಳು.

ಇವತ್ತು ಮೆಣಸಿನಕಾಯಿ ತೊಟ್ಟು ಬಿಡಿಸಲು ಎಲ್ಲರೂ ನಮ್ಮ ಅಂಗಳಕ್ಕೆ ಬಂದಿದ್ದರು. ಪೇಪರಿನ ಭಾನುವಾರದ ಪುರವಣಿಯೂ ಬಂದಿತ್ತು. ಓದುವವಳು ಕಾಯಿ ಮುಟ್ಟಬಾರದು, ಅವಳ ಬುಟ್ಟಿಗೆ ಉಳಿದವರೆಲ್ಲ ಒಂದೊಂದು ಹಿಡಿ ಬಿಡಿಸಿದ ಕಾಯಿ ಹಾಕಬೇಕು ಎಂದು ನಾವು ಮಾಡಿಕೊಂಡಿದ್ದೆವಲ್ಲ, ಇವತ್ತು ಆ ಪಾಳಿ ನನ್ನ ತಲೆಗೆ ಬಂತು. ಮೊಬೈಲ್ ಬಂದ ಮೇಲೆ ಜನ ಕಾಗದ ಬರೆಯುವುದನ್ನೇ ಬಿಟ್ಟಿದ್ದಾರೆ ಎಂಬ ಲೇಖನ. ಕನ್ನಡಕ ಸರಿಮಾಡಿಕೊಂಡು ಅಕ್ಷರ ಹೆಕ್ಕಿ ಹೆಕ್ಕಿ ಓದುತ್ತಿದ್ದೆ, ಅಷ್ಟರಲ್ಲಿ ಕುಲ್ಸುಮಬಿಗೆ ಮಗ ಕೊಡಿಸಿದ ಮೊಬೈಲ್ ಹೊಡೆದುಕೊಂಡಿತು. ಆಕೆ ಗಡಬಡಿಸಿ ಖಾರದ ಕೈಯಲ್ಲೇ ಅದನ್ನು ಎತ್ತಿ ಕಿವಿಗೆ ಒತ್ತಿಕೊಂಡಳು ನೋಡು, ಕಿವಿ ಕೆನ್ನೆ ಎಲ್ಲ ಕೆಂಡವಾಯಿತು. ನಾವು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರೆ, ಆಕೆ ಕಣ್ಣೀರು ಸುರಿಸುತ್ತ ಮಗನಿಗೆ ಎಲ್ಲ ಆರಾಮ ಎಂದು ಹೇಳುತ್ತಿದ್ದಳು. ನಕ್ಕೂ ನಕ್ಕೂ ಸಾಕಾಯಿತು. ನಗು ನಿಂತ ಮೇಲೆ ಹೊಳಿಯವ್ವ, "ರೋಹಿಣಿ ಓದಾಕತ್ತಿದ್ರ ಕೈ ಉರಿಯೂದು ಗೊತ್ತಾಗ್ತಿರಲಿಲ್ಲ ನೋಡ್ರಿ" ಎಂದಳು. ನಾನು ಪುರವಣಿ ಮಡಚಿಟ್ಟೆ.

ಶಶಿಕಾಂತ ತೀರಿಕೊಂಡ ಮೇಲೆ ಈ ಮನೆಯಲ್ಲಿ ಕೇಳುತ್ತಿದ್ದದ್ದು ನಿನ್ನ ದನಿಯೊಂದೇ. ಮಗ ಹೋದ ದುಃಖದಲ್ಲಿ ನನಗೆ ತುತ್ತು ಇಳಿಯದಿದ್ದಾಗ, ನಿನ್ನ ದುಃಖ ನುಂಗಿಕೊಂಡು ನನಗೆ ಗದರಿಸಿ ಉಣ್ಣಿಸಿದೆ. ನಿನ್ನ ನೆನಪು ಬಹಳ ಆಗುತ್ತದೆ, ತಂಗೀ. ಈಗಲೂ ಮರೆತು ನಿನಗೂ ರೊಟ್ಟಿ ಬಡಿದುಬಿಡುತ್ತೇನೆ. ತಿರುಗಿ ಬಾ ಎಂದು ಬರೆದರೆ ನಾಳೆಯೇ ಬಸ್ಸು ಹತ್ತಿ ಬರುವವಳು ನೀನು, ಅದಕ್ಕೇ ಆ ಮಾತು ಬರೆಯಲು ನನಗೆ ಹೆದರಿಕೆ.

ಬೀಗರಿಬ್ಬರಿಗೂ ನನ್ನ ಶರಣು ಹೇಳು. ಕದರಮಂಡಲಗಿಯ ಹನುಮಪ್ಪ ನಿನ್ನ ಬೆನ್ನಿಗಿರಲಿ.

ನಿನ್ನ ಅತ್ತೆ
ಶಾರದವ್ವ

ತಾ.ಕ.: ರಾಣೇಬೆನ್ನೂರಿಗೆ ಹೊರಟ ಹೇಮಪ್ಪ ಈ ಕಾಗದ ಒಯ್ಯಲು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ನಾನು ಹೂಂ ಅಂದಿದ್ದೇನೆ, ಮಾಸ್ತರರಿಗೆ ನೀನೂ ಹೂಂ ಅನ್ನು. ಮುಂದಿನ ಕಾಗದದಲ್ಲಿ ನಿನ್ನ ಹೆಸರಿನ ಮೊದಲಿಗೆ ಸೌಭಾಗ್ಯವತಿ ಎಂದು ನನ್ನ ಕೈಯಾರೆ ಬರೆಯಬೇಕು.